ದಿವಾಳಿ ಅರ್ಜಿ ಮತ್ತು ಹಾಲೇಶಪ್ಪನ ಸಹಿ

ಸಾಲಗಾರನನ್ನು ಸುಸ್ತು ಮಾಡುವುದು ಸಾಲವಲ್ಲ ಸ್ವಾಮಿ, ಸುಳ್ಳು. ಬ್ಯಾಂಕಿನವರಿಗೆ ಜ್ವರ, ಫೈನಾನ್ಸಿನವರಿಗೆ ಅತ್ತೆಯ ಕಾಯಿಲೆ, ಸೊಸೈಟಿಯವರಿಗೆ ‘ದಾವಣಗೆರೆಯಲ್ಲಿದ್ದೀನಿ, ನಾಳೆ ಬರ್ತೀನಿ’ ಎನ್ನುವುದು. ಮರುದಿನ ಆ ಸೊಸೈಟಿಯವನೇ ಚನ್ನಗಿರಿ ಬಸ್ ಸ್ಟ್ಯಾಂಡಿನಲ್ಲಿ ಎದುರಾದರೆ ಕಂಬದ ಹಿಂದೆ ನಿಲ್ಲುವುದು. ನನ್ನ ಹೊಟ್ಟೆಯನ್ನು ಪೂರ್ತಿ ಮರೆಮಾಡುವ ಕಂಬ ನಮ್ಮ ಬಸ್ ಸ್ಟ್ಯಾಂಡಿನಲ್ಲಿ ಒಂದೂ ಇಲ್ಲ. ಯಾರಿಗೆ ಯಾವ ಸುಳ್ಳು ಹೇಳಿದ್ದೆ ಎಂದು ನೆನಪಿಡುವುದರಲ್ಲೇ ನನ್ನ ಅರ್ಧ ಆಯಸ್ಸು ಹೋಯಿತು. ಒಂದು ಸಲ ಒಬ್ಬನೇ ವಸೂಲಿಗಾರನಿಗೆ ಫೋನಿನಲ್ಲಿ ನಮ್ಮತ್ತೆಯನ್ನು ಎರಡನೇ ಬಾರಿ ಸಾಯಿಸಿಬಿಟ್ಟೆ. ಅತ್ತೆ ನನ್ನ ಹಿಂದೆಯೇ ಕೂತು ಅವರೆಕಾಯಿ ಸುಲಿಯುತ್ತಿದ್ದರು. ‘ಮೊದಲನೇ ಸಲದ್ದು ತಿಥಿ ಆದ್ರೂ ಮಾಡಿದ್ರಾ?’ ಎಂದು ಕೇಳಿದರು.

ಈ ಗ್ರಹಚಾರವೆಲ್ಲ ಫ್ಲೆಕ್ಸ್ ಮಷಿನ್ನಿನಿಂದ ಬಂದದ್ದು. ಅದಕ್ಕೂ ಮೊದಲು ನಾನೂ ಸಂತೇಬೆನ್ನೂರಿನ ಹಾಲೇಶಪ್ಪನೂ ಜೊತೆಯಾಗಿ ಅಂಗಡಿ ಬೋರ್ಡು, ಲಾರಿ ನಂಬರು ಬರೆಯುತ್ತಿದ್ದೆವು. ಹಾಲೇಶಪ್ಪ ಬ್ರಷ್ ಬಿಡಲಿಲ್ಲ. ನಾನು ಕಾಲಕ್ಕೆ ತಕ್ಕಂತೆ ಬದಲಾಗುತ್ತೇನೆಂದು ಸಾಲ ಮಾಡಿ ಮಷಿನ್ ತಂದೆ. ಹೊನ್ನಾಳಿಯಿಂದ ನ್ಯಾಮತಿಯವರೆಗೆ, ಆ ಕಡೆ ಜಗಳೂರಿನವರೆಗೂ ಯಾವ ಅಣ್ಣನ ಹುಟ್ಟುಹಬ್ಬಕ್ಕೂ ನನ್ನದೇ ಫ್ಲೆಕ್ಸು. ನಡುವೆ ಅಣ್ಣ, ಸುತ್ತ ಮೂವತ್ತು ಜನ ಹಿತೈಷಿಗಳು. ತನ್ನ ಮುಖ ಸಣ್ಣದಾಯಿತೆಂದು ಜಗಳಕ್ಕೆ ಬಂದವರಿದ್ದಾರೆ, ದುಡ್ಡು ಕೊಡಲು ಬಂದವರು ಕಡಿಮೆ. ಕೇಳಿದರೆ ‘ಅಣ್ಣ ಕೊಡ್ತಾನೆ’ ಎನ್ನುತ್ತಿದ್ದರು. ಅಣ್ಣನನ್ನು ಕೇಳಿದರೆ ‘ಹುಡುಗ್ರು ಪ್ರೀತಿಯಿಂದ ಹಾಕ್ಸಿದ್ದು, ನನಗೇನು ಗೊತ್ತು?’ ಇಂಥ ಪ್ರೀತಿಯಲ್ಲೇ ನಾನು ಮುಳುಗಿದೆ.

ಕೊನೆಗೆ ಸಾಕಾಗಿ, ಕೋರ್ಟಿನ ಹತ್ತಿರ ಕೂರುವ ಪರಿಚಯದ ವಕೀಲರೊಬ್ಬರ ಬಳಿ ಹೋದೆ. ಹಿರಿಯರು, ಸಮಾಧಾನಿ. ‘ದಿವಾಳಿ ಅರ್ಜಿ ಅಂತ ಒಂದು ಐತಪ್ಪ’ ಎಂದರು. ‘ಯಾರ್‍ಯಾರಿಗೆ ಕೊಡಬೇಕು, ನಿನ್ನ ಹತ್ರ ಏನೇನೈತೆ, ಒಂದೂ ಬಿಡದಂಗೆ ಬರಕೊಡಬೇಕು. ಕೋರ್ಟು ಒಪ್ಪಿದ್ರೆ ನಿನ್ನ ಆಸ್ತಿ ಅವರ ಕೈಗೆ. ಮಾರಿ ಎಲ್ರಿಗೂ ಹಂಚ್ತಾರೆ. ಉಟ್ಟ ಬಟ್ಟೆ, ಅಡಿಗೆ ಪಾತ್ರೆ, ಇಂಥವು ಬಿಡ್ತಾರೆ. ನೀನು ನೆಟ್ಟಗಿದ್ರೆ ಕೊನೆಗೊಂದು ದಿನ ಉಳಿದ ಸಾಲದಿಂದ ಬಿಡುಗಡೆ. ತಡ ಆಗ್ತೈತೆ, ಆದ್ರೆ ಫೋನು ನಿಲ್ತಾವೆ.’

ಫೋನು ನಿಲ್ಲುತ್ತವೆ ಎಂದದ್ದೊಂದೇ ನನ್ನ ತಲೆಗೆ ಹೋದದ್ದು. ‘ಮೊದ್ಲು ಮಷಿನ್ನು ನಮ್ಮನೆಯವಳ ಹೆಸರಿಗೆ ಮಾಡಿಬಿಟ್ರೆ ಹೆಂಗೆ ಸಾರ್?’ ಎಂದೆ. ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. ‘ಅದನ್ನ ಜಡ್ಜು ರದ್ದು ಮಾಡ್ತಾರೆ, ನಿನಗೂ ಸರಿಯಾಗಿ ಮಾಡ್ತಾರೆ. ಈ ಮಾತು ನಾನು ಕೇಳಿಲ್ಲ’ ಎಂದರು.

ಮನೆಗೆ ಬಂದು ಹೆಂಡತಿ ಸುಮಾಳಿಗೆ ಹೇಳಿದೆ. ಅವಳು ಅಳಲಿಲ್ಲ, ಅಳುವುದಕ್ಕೂ ಅವಳಿಗೆ ಬೇಜಾರಾಗಿತ್ತು. ‘ಪೇಪರ್‌ನಾಗೆ ಹಾಕ್ತಾರಾ?’ ಎಂದಳು. ನೋಟೀಸು ಬರಬಹುದು ಎಂದೆ. ‘ಫೋಟೋ ಸಮೇತನಾ?’ ಇಲ್ಲ ಎಂದೆ. ‘ಸದ್ಯ. ಊರಿನವರದ್ದೆಲ್ಲ ಹಾಕಿ ಹಾಕಿ ಈ ಗತಿ ಬಂದೈತೆ’ ಎಂದು ಒಳಗೆ ಹೋದಳು.

ಎರಡು ದಿನ ಕೂತು ಪಟ್ಟಿ ಬರೆದು ವಕೀಲರಿಗೆ ಕೊಟ್ಟೆ. ಅವರು ಮಷಿನ್ನಿಗೆಂದು ತೆಗೆದಿದ್ದ ಸೊಸೈಟಿ ಸಾಲದ ಮೇಲೆ ಬೆರಳಿಟ್ಟರು. ‘ಇದಕ್ಕೆ ಜಾಮೀನು ಯಾರು?’

‘ನಮ್ಮ ಹಾಲೇಶಪ್ಪ.’

‘ನಿನಗೆ ಬಿಡುಗಡೆ ಆಗ್ತೈತೆ, ಜಾಮೀನು ಹಾಕಿದವನಿಗೆ ಆಗಾದಿಲ್ಲ. ಅವರು ಸೀದಾ ಅವನ ಮನೆಗೆ ಹೋಗ್ತಾರೆ.’

ನಮ್ಮ ಕಡೆ ಜಾಮೀನಿಗೆ ಸಹಿ ಕೇಳುವುದೆಂದರೆ ಬೀಡಿಗೆ ಬೆಂಕಿಪೊಟ್ಟಣ ಕೇಳಿದಷ್ಟು ಸಲೀಸು. ಯಾರೂ ಓದುವುದಿಲ್ಲ, ಯಾರೂ ಇಲ್ಲ ಎನ್ನುವುದಿಲ್ಲ. ಹಾಲೇಶಪ್ಪನೂ ಅಂದು ಏಣಿಯ ಮೇಲೆ ನಿಂತು ಬೋರ್ಡು ಬರೆಯುತ್ತಿದ್ದವನು ಇಳಿಯಲೂ ಇಲ್ಲ. ಮೇಲಿಂದಲೇ ಕೈ ಚಾಚಿ ಕಾಗದ ಇಸಿದುಕೊಂಡು ಸಹಿ ಮಾಡಿದ್ದ. ಈಗ ಅವನ ಎಡಗಣ್ಣಿಗೆ ಪೊರೆ ಬಂದಿದೆ. ಆಪರೇಷನ್ ಆಗದಿದ್ದರೆ ಬೋರ್ಡಿನ ಕೆಲಸವೇ ಹೋಗುತ್ತದೆ. ಸುಳ್ಳು ಹೇಳುವ ಶಕ್ತಿಯೂ ಉಳಿದಿರಲಿಲ್ಲವಾದ್ದರಿಂದ, ನಿಜವನ್ನೇ ಹೇಳಿಬಿಡೋಣವೆಂದು ಸಂತೇಬೆನ್ನೂರಿನ ಬಸ್ ಹತ್ತಿದೆ.

ಹಾಲೇಶಪ್ಪ ಜಗಲಿಯ ಮೇಲೆ ಕೂತಿದ್ದ. ಅವನ ಹೆಂಡತಿ ಗೌರಮ್ಮ ಚಹಾ ಕೊಟ್ಟರು. ದಿವಾಳಿ, ಕೋರ್ಟು, ಜಾಮೀನು, ಎಲ್ಲವನ್ನೂ ತಲೆ ತಗ್ಗಿಸಿ ಒಂದೇ ಉಸಿರಿನಲ್ಲಿ ಹೇಳಿದೆ. ಬೈದರೆ ಬೈಸಿಕೊಳ್ಳಲು ತಯಾರಾಗಿಯೇ ಇದ್ದೆ.

‘ಅಷ್ಟೇನಾ?’ ಎಂದ ಹಾಲೇಶಪ್ಪ. ‘ಯಾರಿಗಾದ್ರೂ ಏನಾದ್ರೂ ಆತೇನೋ ಅಂದ್ಕಂಡೆ. ಸಹಿ ಹಾಕಿದ ದಿನಾನೇ ಇವ್ಳಿಗೆ ಹೇಳಿದ್ದೆ ಕಣಪ್ಪ, ಇದು ನಾವೇ ಕಟ್ಟೋದು ಅಂತ. ಆವತ್ತಿಂದ ಡಬ್ಬಿಗೆ ಹಾಕ್ತಾ ಬಂದಾಳೆ. ಕಣ್ಣಿಂದು ಆಮೇಲೆ ನೋಡಿದ್ರಾತು, ಇನ್ನೊಂದು ಕಾಣ್ತೈತಲ್ಲ.’

ಗೌರಮ್ಮ ಒಳಗಿಂದ ಬಿಸ್ಕತ್ತಿನ ದೊಡ್ಡ ಡಬ್ಬಿ ತಂದು ತೋರಿಸಿದರು. ಭಾರವಾಗಿತ್ತು. ನನಗೆ ಅಳು ಬಂತು ಎಂದು ಬರೆದರೆ ನಿಮಗೆ ನನ್ನ ಮೇಲೆ ಗೌರವ ಬರಬಹುದು. ಅಳುವೂ ಬಂತು, ನಿಜ. ಅದಕ್ಕಿಂತ ಹೆಚ್ಚಾಗಿ ಬಂದದ್ದು ಸಿಟ್ಟು. ಕೋರ್ಟಿಗೆ ನನ್ನನ್ನು ದಿವಾಳಿ ಎನ್ನಲು ಪಟ್ಟಿ, ಸಾಕ್ಷಿ, ನೋಟೀಸು ಎಲ್ಲ ಬೇಕು. ಈ ಗಂಡ ಹೆಂಡತಿ ಯಾವ ಕಾಗದವೂ ಇಲ್ಲದೆ, ನಾನು ಮಷಿನ್ ತರುವ ಮೊದಲೇ ತೀರ್ಮಾನ ಮಾಡಿ ಕೂತಿದ್ದರು!

ವಾಪಸು ಬಂದವನೇ ಅರ್ಜಿ ಬೇಡವೆಂದೆ. ‘ಒಳ್ಳೇ ಮನುಷ್ಯ ಕಣಯ್ಯಾ ನೀನು’ ಎಂದರು ವಕೀಲರು. ನಾನು ತಿದ್ದಲಿಲ್ಲ. ಬಾಡಿಗೆ ಮಳಿಗೆ ಬಿಟ್ಟು ಮಷಿನ್ನನ್ನು ಮನೆಯ ಪಡಸಾಲೆಗೆ ತಂದೆ, ಅಣ್ಣಂದಿರ ಹತ್ತಿರ ನಗದು ಕೇಳಲು ಶುರು ಮಾಡಿದೆ, ಹಾಗೆ ಉಳಿದ ಬಾಡಿಗೆಯನ್ನು ಸೊಸೈಟಿ ಕಂತಿಗೆ ಕಟ್ಟಿದೆ. ಮೂರು ರಸೀದಿ ಆದ ಮೇಲೆ ಎದೆ ಉಬ್ಬಿಸಿಕೊಂಡು ಸಂತೇಬೆನ್ನೂರಿಗೆ ಹೋದೆ.

ಹಾಲೇಶಪ್ಪ ರಸೀದಿಗಳನ್ನು ಒಳ್ಳೆಯ ಕಣ್ಣಿನ ಹತ್ತಿರ ಹಿಡಿದು ಓದಿ ‘ಭಲೇ’ ಎಂದ. ಗೌರಮ್ಮ ಅವನ್ನು ತಿರುಗಿಸಿ ಹಿಂದೆಯೂ ನೋಡಿದರು. ‘ಒಳ್ಳೇದಾತು ಕಣಣ್ಣ’ ಎಂದು ವಾಪಸು ಕೊಟ್ಟು, ಸೆರಗಿನ ಗಂಟು ಬಿಚ್ಚಿ, ಆ ತಿಂಗಳ ದುಡ್ಡನ್ನು ಡಬ್ಬಿಗೆ ಹಾಕಿದರು.