ಕೆಸುವಿನ ಮಡಿಯಲ್ಲಿ ಮಿಂಕ್

ಕೆಲವರಿಗೆ ಕವಿತೆ ಬರೆಯುವ ಚಟವಿರುತ್ತದೆ, ನನಗಿರುವುದು ದೂರು ಬರೆಯುವ ಚಟ. ಹೊಟ್ಟೆಪಾಡಿಗೆ ನಾನು ಸಾಫ್ಟ್‌ವೇರ್ ಟೆಸ್ಟರ್. ಅಂದರೆ ಬೇರೆಯವರು ಕಷ್ಟಪಟ್ಟು ಕಟ್ಟಿದ್ದರಲ್ಲಿ ಹುಳುಕು ಹುಡುಕಿ, ಅದಕ್ಕೊಂದು ನಂಬರು ಕೊಟ್ಟು, ವಿನಯದಿಂದ ಅವರ ಮುಖಕ್ಕೇ ಹಿಡಿಯುವವನು. ಸಂಜೆ ಲ್ಯಾಪ್‌ಟಾಪ್ ಮುಚ್ಚಿದರೂ ಈ ಬುದ್ಧಿ ಮುಚ್ಚುವುದಿಲ್ಲ. ಅಮೆರಿಕದ ಅಟ್ಲಾಂಟಾ ಪಕ್ಕದ ಸುವಾನಿಯ ನಮ್ಮ ಬಡಾವಣೆಯಲ್ಲಿ ಬೀದಿದೀಪ ಮಿಣುಕಿದರೆ, ಎದುರುಮನೆಯವರ ಕಸದ ಡಬ್ಬಿ ಒಂದು ದಿನ ಹೆಚ್ಚಿಗೆ ಹೊರಗೆ ನಿಂತರೆ, ಮನೆಮಾಲೀಕರ ಸಂಘಕ್ಕೆ ನನ್ನ ಇಮೇಲ್ ಹೋಗಿಯೇ ಹೋಗುತ್ತದೆ. "ಕೈ ಸುಮ್ನೆ ಇರೋದೇ ಇಲ್ವಲ್ಲಾ ನಿಮ್ದು!" ಎಂದು ಹೆಂಡತಿ ಸುಮಾ ಗೊಣಗುತ್ತಾಳೆ. ನಿಜ, ಇರುವುದಿಲ್ಲ. ನಮ್ಮ ಕೆಸುವಿಗೆ ಗಂಡಾಂತರ ಬಂದಿದ್ದೂ ಈ ಕೈಯಿಂದಲೇ.

ಕೆಸುವಿನ ಕಥೆ ಮೊದಲು ಹೇಳಿಬಿಡುತ್ತೇನೆ. ಕೋವಿಡ್ ಕಾಲದಲ್ಲಿ ಇಂಡಿಯನ್ ಸ್ಟೋರಿನಿಂದ ತಂದ ಕೆಸುವಿನ ಗೆಡ್ಡೆಗಳು ಅಡುಗೆಮನೆಯ ಬುಟ್ಟಿಯಲ್ಲೇ ಮೊಳಕೆಯೊಡೆದು ಕೂತಿದ್ದವು. ಎಸೆಯಲು ಮನಸ್ಸಾಗಲಿಲ್ಲ. ನಮ್ಮ ಹಿತ್ತಿಲು ಮುಗಿಯುವಲ್ಲಿ ಬಡಾವಣೆಯ ಕೆರೆ ಶುರುವಾಗುತ್ತದೆ. ಅದರ ದಂಡೆಯ ಕೆಸರಿನಲ್ಲಿ ಊರಿ ಬಂದೆ. ನಾನು ಮೈಸೂರಿನವನು, ಹಿಂದೆ ಎಂದೂ ಒಂದು ತುಳಸಿಗಿಡವನ್ನೂ ನೆಟ್ಟಗೆ ಬೆಳೆಸಿದವನಲ್ಲ. ಈ ಕೆಸು ಮಾತ್ರ ನನ್ನ ಮಾನ ಕಾಯಲೆಂದೇ ಬಂದ ಹಾಗೆ, ಎರಡು ಬೇಸಿಗೆಯಲ್ಲಿ ಮೊರದಗಲ ಎಲೆ ಬಿಟ್ಟು ದಂಡೆಯುದ್ದಕ್ಕೂ ಹಬ್ಬಿತು. ಸುಮಾ ಪುತ್ತೂರಿನ ಹುಡುಗಿ, ಕೆಸುವಿನೆಲೆಗೆ ಹಿಟ್ಟು ಬಳಿದು ಸುರುಳಿ ಸುತ್ತಿ ಬೇಯಿಸುವ ಪತ್ರೊಡೆ ಅವಳ ಕೈಯಲ್ಲಿ ಸಲೀಸು. ಅಟ್ಲಾಂಟಾದ ಸುತ್ತಮುತ್ತ ಫ್ರೀಜರಿನ ಎಲೆ ತಿಂದು ನಾಲಗೆ ಕೆಡಿಸಿಕೊಂಡಿದ್ದ ಕನ್ನಡಿಗರೆಲ್ಲ ನಮ್ಮ ಮನೆಯ ಪತ್ರೊಡೆಗೆ ಕಾದು ಕೂರತೊಡಗಿದರು. ಗಣೇಶನ ಹಬ್ಬಕ್ಕೆ ಎಲ್ಲರೂ ಒಂದೊಂದು ಅಡುಗೆ ತರುವ ಪಾಟ್‌ಲಕ್ ಎಂದರೆ ಸಾಕು, ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ ಕೇಳದೆಯೇ 'ಪತ್ರೊಡೆ' ಎಂದು ಬರೆದಿರುತ್ತಿದ್ದರು. ಜೀವನದಲ್ಲಿ ಮೊದಲ ಸಲ ಜನ ನನ್ನನ್ನು ಕಂಡು ಖುಷಿಪಡುತ್ತಿದ್ದರು.

ಆ ವರ್ಷ ಹಬ್ಬಕ್ಕೆ ಮೂರು ವಾರವಿದ್ದಾಗ ಒಂದು ಬೆಳಿಗ್ಗೆ, ಪುತ್ತೂರಿನಿಂದ ಬಂದಿದ್ದ ನಮ್ಮತ್ತೆ ಕಾಫಿ ಲೋಟ ಕೆಳಗಿಟ್ಟು ಕೆರೆಯ ಕಡೆ ಭಕ್ತಿಯಿಂದ ಕೈಮುಗಿದರು. ನೋಡಿದರೆ, ಕಂದುಬಣ್ಣದ, ಉದ್ದ ಮೈಯ ಪ್ರಾಣಿಯೊಂದು ಬಾಯಲ್ಲಿ ಮೀನು ಕಚ್ಚಿಕೊಂಡು ನಮ್ಮ ಕೆಸುವಿನೊಳಗೆ ನುಗ್ಗುತ್ತಿತ್ತು. "ಮುಂಗುಸಿ ಮಾರಾಯ್ರೇ! ಬೆಳಗ್ಗೆ ಬೆಳಗ್ಗೆ ಕಂಡ್ರೆ ಎಷ್ಟು ಒಳ್ಳೇದು ಗೊತ್ತುಂಟಾ? ಇನ್ನು ನಿಮ್ಮ ಗ್ರೀನ್ ಕಾರ್ಡ್ ಬಂದ ಹಾಗೇ," ಎಂದರು ಅತ್ತೆ. ಮಗಳು ಮೇಘನಾ ಫೋನಿನಲ್ಲಿ ಫೋಟೋ ಹಿಡಿದು ನೋಡಿ, "ನೋ ಅಜ್ಜೀ, ಇದು ಮಂಗೂಸ್ ಅಲ್ಲ, ಮಿಂಕ್. ಸೋ ಕ್ಯೂಟ್!" ಎಂದಳು. ಅತ್ತೆ ಕೇಳಲಿಲ್ಲ, ಅಮೆರಿಕದಲ್ಲಿ ಮುಂಗುಸಿಗೆ ಹಾಗೆ ಹೇಳುತ್ತಾರೆ ಎಂದು ತೀರ್ಮಾನಿಸಿದರು. ನಾನೂ ನಕ್ಕು ಸುಮ್ಮನಾಗುತ್ತಿದ್ದೆನೇನೋ. ಆದರೆ ಆ ಶನಿವಾರ ಎಲೆ ಕೊಯ್ಯಲೆಂದು ಬಗ್ಗಿದರೆ, ಮಡಿಯೊಳಗಿಂದ ಬುಸ್ಸೆಂದು ಹಲ್ಲು ಕಿರಿದು ಬಂತಲ್ಲ ಅದು! ಜೊತೆಗೆ ಬಿಟ್ಟ ನಾತವನ್ನು ವರ್ಣಿಸಲಾರೆ. ಒಂದು ಚಪ್ಪಲಿಯನ್ನು ಕೆರೆಗೇ ಅರ್ಪಿಸಿ ಓಡಿಬಂದೆ. ಸುಮಾ ಬಾಗಿಲಲ್ಲೇ ತಡೆದು, "ಮೊದಲು ಸ್ನಾನ ಮಾಡಿ. ಅಲ್ಲಾ, ಹಬ್ಬಕ್ಕೆ ಎಲೆಗೇನ್ ಮಾಡೋದು ಈಗ?" ಎಂದಳು.

ಏನು ಮಾಡುವುದು? ನನಗೆ ಗೊತ್ತಿರುವ ಆಯುಧ ಒಂದೇ. ಇಂಟರ್‌ನೆಟ್ಟಿನಲ್ಲಿ ಹುಡುಕಿದೆ. ಮಿಂಕ್ ಹೊರಗಿನಿಂದ ಬಂದ ಪೀಡೆ, ಕೆರೆ ಕಾಲುವೆಗಳ ನೀರಿಲಿಯಂಥ ಮೂಲ ಜೀವಿಗಳನ್ನು ಮುಗಿಸಿಬಿಡುತ್ತದೆ, ಬೋನಿಟ್ಟು ಹಿಡಿಯಬೇಕು ಎಂದು ಒಂದು ಪುಟ ಪುಂಖಾನುಪುಂಖವಾಗಿ ಸಾರುತ್ತಿತ್ತು. ಆಹಾ! ಇಡೀ ಪುಟವನ್ನು ಕಾಪಿ ಪೇಸ್ಟ್ ಮಾಡಿ, ಕೆರೆಯ ಹೆಸರು ಮಾತ್ರ ಬದಲಾಯಿಸಿ, ಕೊನೆಗೆ ಸ್ವಂತದ್ದೊಂದು ಸಾಲು ಸೇರಿಸಿದೆ: 'ಎಲ್ಲಿಂದಲೋ ಬಂದು ನಮ್ಮ ಕೆರೆಯಲ್ಲಿ ಬೇರೂರುವ ಯಾವುದನ್ನೇ ಆಗಲಿ, ಅದೆಷ್ಟೇ ಚೆನ್ನಾಗಿ ಕಾಣಲಿ, ದಾಕ್ಷಿಣ್ಯವಿಲ್ಲದೆ ಕಿತ್ತುಹಾಕಬೇಕು.' ಸಂಘಕ್ಕೊಂದು ಪ್ರತಿ, ಕೌಂಟಿಯ, ಅಂದರೆ ಜಿಲ್ಲೆಯ, ಕಚೇರಿಗೊಂದು ಪ್ರತಿ. ಕಳಿಸಿ ಮೀಸೆ ತಿರುವಿದೆ.

ಮುಂದಿನ ವಾರವೇ ಮೊಣಕಾಲುದ್ದದ ರಬ್ಬರ್ ಬೂಟು ತೊಟ್ಟ ವನ್ಯಜೀವಿ ತಜ್ಞೆಯೊಬ್ಬರು ಬಂದರು. ಜೊತೆಗೆ ನಮ್ಮ ಸಂಘದ ಅಧ್ಯಕ್ಷರೂ ಇದ್ದರು. ಆಕೆ ನನ್ನ ಪತ್ರವನ್ನು ಪ್ರಿಂಟ್ ತೆಗೆದು ತಂದಿದ್ದರು. ಬಹಳ ಮರ್ಯಾದೆಯಿಂದ, "ನೀವು ಇಷ್ಟೊಂದು ಚಿಂತೆ ಮಾಡಿದ ನೀರಿಲಿಗಳು ಎಲ್ಲಿವೆ? ಅವು ಇರೋದು ಇಂಗ್ಲೆಂಡಿನಲ್ಲಲ್ಲವೇ?" ಎಂದು ಕೇಳಿದರು. ಪತ್ರ ಇಸಿದುಕೊಂಡು ನೋಡಿದೆ. ನಾನು ಕಾಪಿ ಮಾಡಿದ್ದು ಇಂಗ್ಲೆಂಡಿನವರ ಪುಟ. ಅಲ್ಲಿ ಮಿಂಕ್ ಪರದೇಶಿ. ಇಲ್ಲಿ, ಜಾರ್ಜಿಯಾ ರಾಜ್ಯದಲ್ಲಿ, ಅದು ತಲೆತಲಾಂತರದಿಂದ ಇರುವ ಹುಟ್ಟಾ ನಿವಾಸಿಯಂತೆ. ವರ್ಷಗಟ್ಟಲೆ ಗ್ರೀನ್ ಕಾರ್ಡ್ ಸಾಲಿನಲ್ಲಿ ನಿಂತ ನಾನು ಹುಟ್ಟಾ ಸಿಟಿಜನ್ ಒಬ್ಬನನ್ನು ದೇಶದಿಂದಾಚೆ ಹಾಕಿ ಎಂದು ಅರ್ಜಿ ಕೊಟ್ಟಿದ್ದೆ!

ಹೋಗಲಿ, ಅಷ್ಟಕ್ಕೇ ಮುಗಿಯಿತಲ್ಲ ಎಂದುಕೊಳ್ಳುವಷ್ಟರಲ್ಲಿ ಆಕೆಯ ಕಣ್ಣು ಕೆಸುವಿನ ಮೇಲೆ ಬಿತ್ತು. ಒಂದು ಎಲೆ ಸವರಿ ನೋಡಿ, ಇಲ್ಲಿ ಹೊರಗಿನಿಂದ ಬಂದು ಕೆರೆಯನ್ನು ನುಂಗುತ್ತಿರುವುದು ಇದೇ, ಇದನ್ನು ಯಾರು ನೆಟ್ಟರು ಎಂದು ಕೇಳಿದರು. ನಾನು ಆಕಾಶ ನೋಡಿದೆ. ಸುಮಾ ನೆಲ ನೋಡಿದಳು. ಅಷ್ಟರಲ್ಲಿ ಹಿಂದಿನಿಂದ ನಮ್ಮತ್ತೆ, ದೊರೆಸಾನಿ ಗಿಡವನ್ನು ಹೊಗಳುತ್ತಿದ್ದಾಳೆಂದೇ ತಿಳಿದು, ಹೆಮ್ಮೆಯಿಂದ ಮುಂದೆ ಬಂದು ತಮಗೆ ಬರುವ ಅಷ್ಟೂ ಇಂಗ್ಲಿಷನ್ನು ಒಟ್ಟುಮಾಡಿ ಸಾರಿದರು: "ಸನ್-ಇನ್-ಲಾ! ಆಲ್, ಸನ್-ಇನ್-ಲಾ!"

ಅಧ್ಯಕ್ಷರು ನನ್ನ ಪತ್ರದ ಕೊನೆಯ ಸಾಲನ್ನು ಗಟ್ಟಿಯಾಗಿ ಓದಿದರು. 'ದಾಕ್ಷಿಣ್ಯವಿಲ್ಲದೆ' ಎಂಬಲ್ಲಿ ಅವರಿಗೇ ನಗು ತಡೆಯಲಾಗಲಿಲ್ಲ. ಎಲೆ ಬೇಕಾದರೆ ತಿನ್ನಿ, ಗೆಡ್ಡೆ ಒಂದೂ ಉಳಿಯಬಾರದು, ಪಕ್ಕದ ಮರದ ಬುಡದಲ್ಲಿರುವ ಮಿಂಕಿನ ಬಿಲ ಮಾತ್ರ ಮುಟ್ಟಬೇಡಿ ಎಂದು ತೀರ್ಪಾಯಿತು.

ಹಬ್ಬದ ಹಿಂದಿನ ದಿನ ಕನ್ನಡದವರೆಲ್ಲ ಗುದ್ದಲಿ ಹಿಡಿದು ಬಂದರು. ತಜ್ಞೆಯೂ ಬಂದು, ಬಿಲದ ಕಡೆ ಯಾರೂ ಹೋಗದ ಹಾಗೆ ಕಾವಲು ನಿಂತರು. ಅಂಥ ಗಲಾಟೆ, ನಗು, ಕೆಸರಾಟವನ್ನು ಆ ಕೆರೆ ಕಂಡಿರಲಾರದು. ರಾಶಿ ಎಲೆ ಅಡುಗೆಮನೆಗೆ, ಚೀಲಗಟ್ಟಲೆ ಗೆಡ್ಡೆ ಕಸಕ್ಕೆ. ಸುಮಾ, ಅತ್ತೆ, ಇನ್ನೂ ನಾಲ್ಕು ಜನ ಹೆಂಗಸರು ಕೂತು ಸುರುಳಿ ಸುತ್ತಿದ್ದೇ ಸುತ್ತಿದ್ದು. ಮಿಂಕ್ ಒಮ್ಮೆ ಬಿಲದಿಂದ ತಲೆ ಹೊರಹಾಕಿ ನನ್ನನ್ನೇ ನೋಡಿ ಒಳಗೆ ಹೋಯಿತು. ಅತ್ತೆ ಕೈಮುಗಿದರು. ಈ ಸಲ ನಾನೂ ಮುಗಿದೆ.

ಪಾಟ್‌ಲಕ್ಕಿನಲ್ಲಿ ತಜ್ಞೆಯೂ ಸೇರಿ ಎಲ್ಲರೂ ಎರಡೆರಡು ಸಲ ಹಾಕಿಸಿಕೊಂಡು, ಇಂಥ ಪತ್ರೊಡೆ ಇದುವರೆಗೆ ತಿಂದಿಲ್ಲವೆಂದು ಹೊಗಳಿದರು. ನನ್ನ ಗಂಟಲು ಮಾತ್ರ ಒಂದೇ ಸಮನೆ ತುರಿಸುತ್ತಿತ್ತು. ಕೆಸುವಿನ ತುರಿಕೆ ಮುರಿಯುವ ಹುಣಸೆಹಣ್ಣು ಕಡಿಮೆಯಾಯಿತೇನೋ ಎಂದು ಸುಮಾಳ ಕಿವಿಯಲ್ಲಿ ಮೆಲ್ಲನೆ ದೂರಿದೆ. "ಹುಣಸೆ ಸರಿಯಾಗೇ ಬಿದ್ದಿದೆ ಕಣ್ರೀ," ಎಂದಳು ಅವಳು, "ತುರಿಸ್ತಿರೋದು ನಿಮಗೊಬ್ಬರಿಗೇ."