ಮಾವನ ಹೊಲದಲ್ಲಿ ನಿಂತವರು

ನಮ್ಮ ಸೋದರಮಾವನಿಗೆ ಅರವತ್ತು ದಾಟಿದೆ, ಅದೂ ಮಧ್ಯಾಹ್ನದ ಲೆಕ್ಕದಲ್ಲಿ. ಬೆಳಿಗ್ಗೆ ಮಂಜು ಕವಿದಾಗ ಅವರ ಹೊಲಕ್ಕೆ ಹೋಗಿ ನೋಡಿ, ವಯಸ್ಸು ಏಳು ದಾಟಿದ್ದರೆ ಕೇಳಿ!

ತಮಿಳುನಾಡಿನ ಗಡಿಯ ನಮ್ಮ ಜೀರಹಳ್ಳಿಯ ಆಸುಪಾಸಿನಲ್ಲಿ ಬದುವಿನ ಜಗಳ ಎದ್ದರೆ ಜನ ಪೊಲೀಸರಿಗಿಂತ ಮೊದಲು ಮಾವನ ಜಗಲಿಗೆ ಬರುತ್ತಾರೆ. ಮಾವ ಟೀ ತರಿಸಿ, ಎರಡೂ ಕಡೆಯವರ ಮಾತು ಕೇಳಿ, ಇಬ್ಬರೂ ಗೊಣಗುತ್ತಲೇ ಒಪ್ಪುವಂಥ ತೀರ್ಮಾನ ಹೇಳುತ್ತಾರೆ. ಅಂಥ ಮನುಷ್ಯ ತಮ್ಮ ಕೋಸಿನ ಹೊಲದಲ್ಲಿ ಬೆದರುಬೊಂಬೆಗಳ ಜೊತೆ ಆಟವಾಡುತ್ತಾರೆಂದರೆ ನಂಬುತ್ತೀರಾ? ಈ ಸಲ ಅವರ ಮಗಳು ಮಂಜುಳಾನೇ ಆ ಆಟ ನಿಲ್ಲಿಸಲು ಹೊರಟಳು. ಅದಕ್ಕೆ ಮುಂಚೆ ಬೊಂಬೆಗಳ ಪರಿಚಯ ಆಗಲಿ.

ನಮ್ಮೂರಲ್ಲಿ ಸತ್ತವರ ಬಟ್ಟೆಯನ್ನು ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ. ಎಲ್ಲೋ ಬಿಸಾಡುವ ಬದಲು ನನಗೆ ಕೊಡಿ ಅಂತ ಮಾವ ಒಮ್ಮೆ ಕೇಳಿದರು; ಜನ ಕೊಟ್ಟದ್ದನ್ನು ಬೊಂಬೆಗಳಿಗೆ ತೊಡಿಸಿದರು. ಈಗ ಮಂಜಿನಲ್ಲಿ ಆ ಬದುವಿನ ಮೇಲೆ ನಡೆದರೆ ತೀರಿಹೋದ ಹಿರಿಯರೆಲ್ಲ ಒಬ್ಬೊಬ್ಬರಾಗಿ ಎದುರಾಗುತ್ತಾರೆ. ಅಂಗಡಿ ಬಸಪ್ಪ ಅದೇ ಚೌಕಳಿ ಲುಂಗಿಯಲ್ಲಿ. ನನ್ನನ್ನು ಭೂಮಿಗೆ ಇಳಿಸಿದ ಸೂಲಗಿತ್ತಿ ಅಜ್ಜಿ ಅದೇ ಹಸಿರು ಸೀರೆಯಲ್ಲಿ, ಕೈ ಚಾಚಿಕೊಂಡು. ಮುಖ ಮಾತ್ರ ಯಾರಿಗೂ ಇಲ್ಲ, ಬರೀ ಮಡಕೆ!

ಮೊದಲು ಹೆದರಿದ ಊರು ಆಮೇಲೆ ತಾನೇ ಬಟ್ಟೆ ಹೊತ್ತು ತಂದಿತು. ನಮ್ಮಪ್ಪನಿಗೆ ಬಿಸಿಲು ಆಗುತ್ತಿರಲಿಲ್ಲ, ನೆರಳಲ್ಲಿ ನಿಲ್ಲಿಸಿ ಎಂದರು ಒಬ್ಬರು. ದೊಡ್ಡಪ್ಪನನ್ನೂ ಚಿಕ್ಕಪ್ಪನನ್ನೂ ಬೆನ್ನಿಗೆ ಬೆನ್ನು ಮಾಡಿ ನಿಲ್ಲಿಸಿ, ಅವರಿಗೆ ಮಾತಿರಲಿಲ್ಲ ಎಂದರು ಇನ್ನೊಬ್ಬರು. ಹೊಸದಾಗಿ ಬಂದ ಫಾರೆಸ್ಟ್ ವಾಚರ್ ಒಬ್ಬ ಮಂಜಿನಲ್ಲಿ ನಿಂತಿದ್ದ ಬಸಪ್ಪನನ್ನು ತಮಿಳಿನಲ್ಲಿ ಗದರಿಸಿ, ಉತ್ತರ ಬಾರದ್ದಕ್ಕೆ ಹತ್ತಿರ ಹೋಗಿ ಮಡಕೆ ನೋಡಿದ. ಅಂದಿನಿಂದ ಆ ದಾರಿಯಲ್ಲಿ "ವಣಕ್ಕಂ ಅಣ್ಣಾ" ಅನ್ನದೆ ದಾಟುವುದಿಲ್ಲ!

ಮಾವನ ಆಟ ಇಷ್ಟೇ. ಬೊಂಬೆಗಳಿಗೆ ಬೆನ್ನು ಮಾಡಿ ನಡೆಯುವುದು, ತಟಕ್ಕನೆ ತಿರುಗುವುದು. ಅಲ್ಲಾಡಿ ಸಿಕ್ಕಿಬಿದ್ದವರು ಸೋತ ಹಾಗೆ. ಇಷ್ಟು ವರ್ಷಗಳಲ್ಲಿ ಯಾರಾದರೂ ಸಿಕ್ಕಿದ್ದಾರಾ ಅಂತ ಕೇಳಿದೆ.

"ಸಿಕ್ಬುಟ್ರೆ ಆಟ ಮುಗ್ದೋಯ್ತದೆ ಕಣ್ಲಾ."

ನಗಬೇಡಿ. ನಾನೂ ಒಮ್ಮೆ ತಿರುಗಿದೆ. ಎಲೆ ಅಲುಗುವಷ್ಟೂ ಗಾಳಿ ಇರಲಿಲ್ಲ. ಆದರೆ ಅಜ್ಜಿಯ ಸೆರಗು, ಹಿಡಿದಿದ್ದವರು ಆಗತಾನೇ ಕೈಬಿಟ್ಟಂತೆ, ನಿಧಾನಕ್ಕೆ ಕೆಳಗಿಳಿಯುತ್ತಿತ್ತು. ಮತ್ತೆ ತಿರುಗಿ ನೋಡಿದೆನಾ ಅಂತೀರಾ? ಓಡುವವನಿಗೆ ಪುರುಸೊತ್ತೆಲ್ಲಿ!

ಹೋದ ವರ್ಷ ಅತ್ತೆ ತೀರಿಕೊಂಡರು. ಅವರ ಬೊಂಬೆಯನ್ನು ಮಾವ ಎಲ್ಲೂ ನಿಲ್ಲಿಸಲಿಲ್ಲ. ನಾವೂ ಕೇಳಲಿಲ್ಲ. ಈ ಸಲ ಕೋಸು ಕೊಯ್ಲಿಗೆ ಬಂದ ಆಚೆ ಊರಿನ ಹೆಂಗಸರು ಬೊಂಬೆಗಳಿಗೆ ಹೆದರಿ ಆ ಹೊಲಕ್ಕೆ ಕಾಲಿಡಲು ಒಲ್ಲೆವು ಅಂದರು. ಮಂಜುಳಾ ಕುಡುಗೋಲು ಹಿಡಿದು ಜಗಲಿಗೆ ಬಂದಳು.

"ಅಪ್ಪೋ, ಊರಿಗೆಲ್ಲ ನ್ಯಾಯ ಏಳ್ತೀಯಲ್ಲ, ಇವತ್ತು ನಂಗೇಳು. ಒಲದಲ್ಲಿ ಕೋಸು ಕೊಳೀತಾ ಅದೆ. ನಿಂಗೆ ಸತ್ತೋರು ಬೇಕಾ, ಬದ್ಕಿರೋರು ಬೇಕಾ?"

ಮಾವ ಟೀ ಕೂಡ ಕೇಳಲಿಲ್ಲ. "ನೀನೇಳೋದೇ ಸರಿ ಕಣವ್ವ. ಕಿತ್ತಾಕು," ಅಂದರು. ಆಮೇಲೆ ಮೆಲ್ಲಗೆ, "ಒಂಗೆಮರದತ್ರ ಇರೋದ್ನ ಮಾತ್ರ ನಿಧಾನಕ್ಕೆ ತಗಿ."

ಮಂಜಿನಲ್ಲಿ ಮೂವರೂ ನಡೆದೆವು. ಬಸಪ್ಪ ಮಲಗಿದ. ಅಜ್ಜಿಯೂ ಮಲಗಿದರು, ಕೈ ಚಾಚಿಕೊಂಡೇ. ಯಾರೂ ಹೋಗದ ಕಾಡಂಚಿನ ಹೊಂಗೆಮರದ ಹತ್ತಿರ ಮಂಜುಳಾ ನಿಂತುಬಿಟ್ಟಳು. ಅಲ್ಲೊಂದು ಬೊಂಬೆ ಕಾಲು ನೀಡಿ, ಮರಕ್ಕೊರಗಿ ಕೂತಿತ್ತು. ಅತ್ತೆಯ ನೀಲಿ ಸೀರೆ, ಮಗ್ಗುಲಲ್ಲಿ ಎಲೆಅಡಿಕೆ ಚೀಲ. ಕೂತ ಬೊಂಬೆಗೆ ಯಾವ ಹಕ್ಕಿ ಹೆದರೀತು? ಮಡಿಲ ತುಂಬ ಪುಕ್ಕ.

"ಇದ್ನ ಯಾಕಪ್ಪ ಕೂರ್ಸಿದ್ದೀಯೆ?"

"ಜಲ್ಮೆಲ್ಲ ನಿಂತ್ಕಂಡೇ ಗೇದ್ಲು ಕಣವ್ವ. ಇನ್ನಾರ ಕೂತ್ಕಳ್ಳಿ ಅಂತ."

ಮಂಜುಳಾ ಕುಡುಗೋಲನ್ನು ಸೊಂಟಕ್ಕೆ ಸಿಕ್ಕಿಸಿದಳು. ಬಗ್ಗಿ, ಜಾರಿದ್ದ ಸೆರಗನ್ನು ಸರಿಮಾಡಿದಳು. ಆಮೇಲೆ ಅವ್ವನಿಗೆ ಬೆನ್ನು ಮಾಡಿ ಮಂಜಿನೊಳಗೆ ನಡೆದಳು. ಸ್ವಲ್ಪ ದೂರ ಹೋದವಳು ತಟಕ್ಕನೆ ತಿರುಗಿದಳು.

ಮಾವ ಪಿಸುಗುಟ್ಟಿದರು: "ಅಲ್ಲಾಡಿದ್ಲಾ?"