ಒಂದು ಹಲಗೆ, ನಾಲ್ಕು ಬೋರ್ಡು

ಶಿರಸಿಯಲ್ಲಿ ಬೋರ್ಡು ಬರೆಯುವುದು ನನ್ನ ಕೆಲಸ. ಬಾಯಿ ಮುಚ್ಚಿಕೊಂಡು ಬರೆದರೂ ಒಂದಲ್ಲ ಒಂದು ಫಜೀತಿ ಆಗುತ್ತಲೇ ಇರುತ್ತದೆ. ಈಗ ಎಲ್ಲರಿಗೂ ಫ್ಲೆಕ್ಸ್ ಬೇಕು. ಈ ವರ್ಷ ಬಂದದ್ದು ಮೂರೇ ಬೋರ್ಡು. ನಾಲ್ಕನೆಯದು ಸಿಕ್ಕದಿದ್ದರೆ ಅಂಗಡಿಗೆ ಬಾಗಿಲು ಹಾಕುವುದೆಂದು ತೀರ್ಮಾನಿಸಿದ್ದೆ.

ಮನೆಯ ಬೋರ್ಡು

ನಿವೃತ್ತ ಇಂಗ್ಲಿಷ್ ಮಾಸ್ತರರೊಬ್ಬರು ಮನೆಗೆ ಹೆಸರಿನ ಬೋರ್ಡು ಬರೆಸಿದರು. ಬಣ್ಣ ಒಣಗುವವರೆಗೆ ಪಾಠ.

"ಹಳೇ ಇಂಗ್ಲಿಷಿನಲ್ಲಿ ಬೋರ್ಡು ಅಂದ್ರೆ ಬರೀ ಹಲಗೆ. ಹಲಗೆಗೆ ಕಾಲು ಬಂತು, ಊಟದ ಮೇಜಾಯ್ತು. ಆಮೇಲೆ ಮೇಜಿನ ಮೇಲಿನ ಊಟವೂ ಬೋರ್ಡು, ಸುತ್ತ ಕೂತು ಜಗಳಾಡುವವರೂ ಬೋರ್ಡು. ಹಡಗಿನ ಪಕ್ಕದ ಹಲಗೆಯೂ ಬೋರ್ಡೇ. ಅದಕ್ಕೇ ಬಸ್ಸು ಹತ್ತುವುದೂ ಬೋರ್ಡಿಂಗು. ಗೊತ್ತಾಯ್ತಾ?"

"ಹೂಂ. ಒರಗಬೇಡಿ."

ಅಷ್ಟರಲ್ಲಿ ಒರಗಿಯಾಗಿತ್ತು. ಬಿಳಿ ಅಂಗಿಯ ಬೆನ್ನಿನ ಮೇಲೆ ಅವರ ಹೆಸರು ಉಲ್ಟಾ ಮೂಡಿತ್ತು, ಪದವಿ ಸಮೇತ. ಹೆಂಡತಿ ಕನ್ನಡಿ ಹಿಡಿದು ಓದಿದರಂತೆ.

ಬಸ್ಸಿನ ಬೋರ್ಡು

ಎರಡನೆಯದು ಬಸ್ಸಿಗೆ. ದೊಡ್ಡ ಅಕ್ಷರದಲ್ಲಿ ‘ಯಲ್ಲಾಪುರ’.

ಸಿದ್ದಾಪುರದ ಕಡೆಯ ಒಂದು ಸೊಸೈಟಿಯವರು ಬೋರ್ಡು ಬರೆಸುವ ಮಾತಿಗೆ ಹನ್ನೊಂದಕ್ಕೆ ಬರಹೇಳಿದ್ದರು. ಅದೇ ನನ್ನ ನಾಲ್ಕನೆಯದು. ಬೆಳಿಗ್ಗೆ ಬಸ್ಸು ಹತ್ತಿದೆ. ಊರು ದಾಟಿದ ಮೇಲೆ ಕಂಡಕ್ಟರು ಟಿಕೆಟ್ಟಿಗೆ ಬಂದ. ಮುಂದಿನ ಸೀಟಿನ ಅಜ್ಜಿ "ಸಿದ್ದಾಪುರ ಒಂದು" ಎಂದಳು.

"ಇದು ಯಲ್ಲಾಪುರ ಬಸ್ಸು. ಬೋರ್ಡು ನೋಡಲಿಲ್ವಾ?"

"ಬೋರ್ಡು ಎಂತಕ್ಕೆ ನೋಡವು? ಆನು ಡ್ರೈವರನ ಮುಖ ನೋಡಿ ಹತ್ತದು. ಅಂವ ಯಾವಾಗಲೂ ಸಿದ್ದಾಪುರಕ್ಕೇ ಹೋಗ್ತ."

ಡ್ರೈವರನ ಡ್ಯೂಟಿ ಅವತ್ತೇ ಬದಲಾಗಿತ್ತು. ಅರ್ಧ ಬಸ್ಸು ಬೈಯುತ್ತ ಇಳಿಯಿತು. ನಾನು ಹತ್ತಿದ್ದೂ ಮುಖ ನೋಡಿಯೇ. ಆದರೆ ಆ ಬೋರ್ಡು ಬರೆದವ ನಾನು. ಕಂಡಕ್ಟರನಿಗೆ ಅದು ಗೊತ್ತು. ಇಳಿದರೆ ಮಾನ ಹೋಗುತ್ತದೆ.

"ಯಲ್ಲಾಪುರ ಒಂದು" ಎಂದೆ.

ಊಟದ ಬೋರ್ಡು

ಯಲ್ಲಾಪುರದಲ್ಲಿ ಇಳಿದಾಗ ಹತ್ತೂವರೆ. ಸೊಸೈಟಿ ತಪ್ಪಿತೆಂದು ಗೊತ್ತಾಯಿತು. ಹೊಟ್ಟೆಯಾದರೂ ತುಂಬಲೆಂದು ಒಂದು ಖಾನಾವಳಿಗೆ ಹೋದೆ. ಬಾಗಿಲಲ್ಲೇ ‘ಊಟ ಮುಗಿದಿದೆ’ ಎಂಬ ಬೋರ್ಡು. ನಾನೇ ಬರೆದುಕೊಟ್ಟ ಮೂರನೆಯದು. ತಿರುಗಿ ನಡೆದೆ.

ಮಾಲೀಕ ಹಿಂದೆ ಓಡಿ ಬಂದ. "ಎಲ್ಲಿ ಹೊಂಟ್ರಿ? ಇನ್ನೂ ಅನ್ನಕ್ಕೆ ಎಸರಿಟ್ಟಿಲ್ಲ!"

"ಮುಗಿದಿದೆ ಅಂತಿದೆ."

"ಮುಗೀತು ಅಂದ್ರೇ ಅಲ್ವಾ ಜನ ನಾಳೆ ಬೇಗ ಬರೋದು? ನೀವೇ ಬರೆದದ್ದನ್ನು ನೀವೇ ನಂಬೂದಾ ಮಾರಾಯ್ರೇ?"

ಸೊಸೈಟಿಯ ಬೋರ್ಡು

ಉಂಡು, ಎರಡು ಬಸ್ಸು ಬದಲಿಸಿ, ಸೊಸೈಟಿ ಮುಟ್ಟಿದಾಗ ನಾಲ್ಕೂವರೆ. ಕ್ಷಮೆ ಕೇಳೋಣವೆಂದು ಒಳಗೆ ಹೋದೆ. ನಾನು ಬಂದಿರಲಿಲ್ಲವೆಂಬುದೇ ಯಾರಿಗೂ ಗೊತ್ತಿರಲಿಲ್ಲ. ಏಳು ಜನ ನಿರ್ದೇಶಕರು ಮೇಜಿನ ಸುತ್ತ ಕೂತು ಹನ್ನೊಂದರಿಂದ ಕೂಗಾಡುತ್ತಿದ್ದರು. ಬೋರ್ಡಿನಲ್ಲಿ ಯಾರ ಹೆಸರು ಎಲ್ಲಕ್ಕಿಂತ ಮೇಲೆ?

"ಅಕಾರಾದಿಯಲ್ಲಿ ಬರಸನ."

"ಎನ್ನ ಹೆಸರು ಹಕಾರದ್ದು. ಹೆಸರಿಡಕಾರೆ ಅಪ್ಪಯ್ಯಂಗೆ ಇದೆಲ್ಲ ಗೊತ್ತಿತ್ತನ?"

"ಹಾಂಗಾರೆ ಏಳು ಫ್ಲೆಕ್ಸ್ ಮಾಡ್ಸನ. ವಾರಕ್ಕೆ ಏಳು ದಿನ ಇದ್ದಲ."

ಎಲ್ಲರೂ ತಲೆಯಾಡಿಸಿದರು. ನನ್ನ ಅಂಗಡಿಯ ಬಾಗಿಲು ಹಾಕಿದ ಸದ್ದು ಅಲ್ಲೇ ಕೇಳಿಸಿತು.

"ದುಂಡು ಹಲಗೆ ಮೇಲೆ ಬರೀತೇನೆ" ಎಂದೆ. "ಸುತ್ತ ಏಳು ಹೆಸರು. ನಡುವೆ ಒಂದು ಮೊಳೆ."

ಒಪ್ಪಿದರು. ಈಗ ಯಾವ ನಿರ್ದೇಶಕ ಬಂದರೂ ಮೊದಲು ಹಲಗೆ ತಿರುಗಿಸಿ, ತನ್ನ ಹೆಸರು ಮೇಲೆ ಮಾಡಿಯೇ ಒಳಗೆ ಹೋಗುತ್ತಾನೆ. ಕೈ ತಾಗಿ ತಾಗಿ ಅಕ್ಷರ ಅಳಿಸುತ್ತದೆ. ತಿಂಗಳಿಗೊಮ್ಮೆ ನಾನು ಹೋಗಿ ಬರೆಯುತ್ತೇನೆ. ಅಂಗಡಿ ನಡೆದಿದೆ.

ಮೊನ್ನೆ ಒಬ್ಬ ನಿರ್ದೇಶಕರು ಒಬ್ಬರೇ ಅಂಗಡಿಗೆ ಬಂದು ದನಿ ತಗ್ಗಿಸಿದರು. "ಎನ್ನ ಹೆಸರಿನ ಎದುರು ಬದಿಗೆ, ಹಿಂದಿಂದ, ಒಂದು ಕಬ್ಬಿಣದ ತುಂಡು ಹೊಡೆದುಕೊಡು. ಆ ಬದಿ ಭಾರಕ್ಕೆ ಕೆಳಗೆ ಹೋಗ್ತು, ಎನ್ನ ಹೆಸರು ತನ್ನಷ್ಟಕ್ಕೇ ಮೇಲೆ ಬತ್ತು. ಯಾರಿಗೂ ಹೇಳಡ."

ಹೊಡೆದುಕೊಟ್ಟೆ. ಯಾರಿಗೂ ಹೇಳಲಿಲ್ಲ. ಹೀಗೆ ಗುಟ್ಟಾಗಿ ತುಂಡು ಹೊಡೆಸಿಕೊಂಡವರಲ್ಲಿ ಅವರು ಏಳನೆಯವರು.